ಮೊದಲ ಬೆಂಚಿನಲ್ಲೇ ಕೂತು ಗೈರಾದವಳು

ಆರೋಗ್ಯ ಸೇವೆಗಳ ಸಮಾನತಾ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ವಿಭಾಗ ಈ ವರ್ಷ ಹೊರತಂದಿರುವ ‘ಎಲ್ಲರಿಗೂ ಒಂದೇ ಆರೈಕೆ’ ಎಂಬ ವರದಿಯ ಹದಿನೇಳನೇ ಪುಟದಲ್ಲಿ ಒಬ್ಬ ಹೆಂಗಸು ಕ್ಲಿನಿಕ್ಕಿನ ಮೊದಲ ಬೆಂಚಿನಲ್ಲಿ ಕೂತು, ಇಪ್ಪತ್ಮೂರನೇ ನಂಬರಿನ ಚೀಟಿ ಹಿಡಿದು ನಗುತ್ತಿದ್ದಾಳೆ. ಅವಳು ನನ್ನ ಅಕ್ಕ. ಫೋಟೊದ ಕೆಳಗೆ ‘ನಮ್ಮಲ್ಲಿ ಪ್ರತಿಯೊಬ್ಬರ ದನಿಗೂ ಬೆಲೆಯಿದೆ’ ಎಂದು ಅಚ್ಚಾಗಿದೆ. ಅಕ್ಕ ಹುಟ್ಟು ಕಿವುಡಿ. ಆ ಫೋಟೊ ತೆಗೆದ ದಿನ ಅದೇ ಬೆಂಚಿನಲ್ಲಿ ಎರಡೂವರೆ ಗಂಟೆ ಕೂತಿದ್ದ ಅವಳ ಹೆಸರಿನ ಮುಂದೆ ನಿಮ್ಮ ಕ್ಲಿನಿಕ್ಕಿನವರು ‘ಗೈರು’ ಎಂದು ಬರೆದರು. ಹಾಜರಿಲ್ಲದ ರೋಗಿಯ ಫೋಟೊ ತೆಗೆಯುವ ವಿದ್ಯೆಯನ್ನು ಕರಗತ ಮಾಡಿಕೊಂಡದ್ದಕ್ಕಾಗಿ ಮೊದಲು ನನ್ನ ಅಭಿನಂದನೆ ಸ್ವೀಕರಿಸಿ.

ನಿಮಗೆ ನೇರವಾಗಿ ಬರೆಯುವುದು ಬಿಟ್ಟು ಪತ್ರಿಕೆಯಲ್ಲಿ ಊರಿಗೆಲ್ಲ ಕಾಣುವಂತೆ ಈಕೆ ಯಾಕೆ ಬರೆದಳು ಎಂದು ನೀವು ಕೇಳಬಹುದು. ವರದಿಯ ಕೊನೆಯ ಪುಟದಲ್ಲಿ ‘ದೂರುಗಳಿದ್ದಲ್ಲಿ ಕರೆ ಮಾಡಿ’ ಎಂದು ಒಂದು ದೂರವಾಣಿ ಸಂಖ್ಯೆ ಮಾತ್ರ ಇದೆ. ಕಿವುಡರು ದೂರು ಕೊಡುವುದೇ ಇಲ್ಲ ಎಂದು ಅದೇ ವರದಿಯ ಮೂವತ್ತನೇ ಪುಟದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೀರಿ. ಈ ಎರಡು ಪುಟಗಳನ್ನು ಬರೆದವರು ಒಮ್ಮೆ ಒಟ್ಟಿಗೆ ಕೂತು ಚಹಾ ಕುಡಿದಿದ್ದರೆ ಚೆನ್ನಾಗಿತ್ತು.

ಅಕ್ಕನ ಪರಿಚಯ ಮಾಡಿಕೊಡುತ್ತೇನೆ. ನಿಮ್ಮ ವರದಿ ಅವಳನ್ನು ‘ವಿಶೇಷ ಅಗತ್ಯವುಳ್ಳ ಓರ್ವ ಫಲಾನುಭವಿ’ ಎಂದು ಕರೆದಿದೆ. ಅವಳು ಮೂವತ್ತೊಂದು ವರ್ಷಗಳಿಂದ ಒಂದು ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದಾಳೆ. ಅಚ್ಚಾದ ಹಾಳೆಗಳನ್ನು ಮಡಿಸುವುದು, ಹೊಲಿಯುವುದು, ಅಂಟು ಹಚ್ಚಿ ರಟ್ಟು ಕೂರಿಸುವುದು ಅವಳ ಕೆಲಸ. ಯಂತ್ರಗಳ ಗದ್ದಲದಿಂದ ಉಳಿದವರೆಲ್ಲ ಸಂಜೆಗೆ ತಲೆ ಹಿಡಿದುಕೊಂಡು ಹೋದರೆ ಇವಳೊಬ್ಬಳು ನೆಮ್ಮದಿಯಿಂದ ಮನೆಗೆ ಬರುತ್ತಾಳೆ. ಮಡಿಸುವ ಹಾಳೆಯನ್ನೆಲ್ಲ ಓದುತ್ತಾಳೆ. ಹಾಗಾಗಿ ಪಶುವೈದ್ಯದಿಂದ ವೇದಾಂತದವರೆಗೆ ಎಲ್ಲ ವಿಷಯವೂ ಅವಳಿಗೆ ಅರ್ಧಂಬರ್ಧ ಗೊತ್ತು. ಅಚ್ಚಿನ ತಪ್ಪು ಕಂಡರೆ ಪೆನ್ಸಿಲ್ಲಿನಿಂದ ಸುತ್ತು ಹಾಕಿ ಮುದ್ರಣಾಲಯದ ಯಜಮಾನರ ಮೇಜಿನ ಮೇಲಿಡುತ್ತಾಳೆ. ಅಲ್ಲಿ ಅವಳನ್ನು ಎಲ್ಲರೂ ‘ಟೀಚರಮ್ಮ’ ಎನ್ನುತ್ತಾರೆ. ನಾನು ಅವಳಿಗಿಂತ ಐದು ವರ್ಷ ಚಿಕ್ಕವಳು, ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುತ್ತೇನೆ. ಇಬ್ಬರೂ ಒಂದೇ ಮನೆಯಲ್ಲಿದ್ದೇವೆ. ಅಕ್ಕ ಕಿವುಡರ ಶಾಲೆಯಿಂದ ರಜೆಗೆ ಬಂದಾಗಲೆಲ್ಲ ನನಗೆ ಸನ್ನೆ ಭಾಷೆ ಕಲಿಸಿದಳು. ಜಗಳವಾಡಲು ಯಾರಾದರೂ ಬೇಕಿತ್ತಲ್ಲ, ಅದಕ್ಕೆ.

ಕಳೆದ ವರ್ಷದ ಆರಂಭದಲ್ಲಿ ಅಕ್ಕ ನನಗೆ ಏನೂ ಹೇಳದೆ ನಿಮ್ಮ ಕ್ಲಿನಿಕ್ಕಿಗೆ ಹೋದಳು. ಅವಳು ಎಲ್ಲ ಕಡೆಗೂ ಒಬ್ಬಳೇ ಹೋಗಿ ಬರುವವಳು. ಬಾಗಿಲಲ್ಲೇ ಒಂದು ವೈವಿಧ್ಯ ನಮೂನೆ ಕೊಟ್ಟರು. ನಾಲ್ಕು ಪುಟ. ಮನೆಮಾತು ಯಾವುದು, ಯಾವ ಹೆಸರಿನಿಂದ ಕರೆದರೆ ನಿಮಗೆ ಗೌರವ ಎನಿಸುತ್ತದೆ, ಯಾವ ನ್ಯೂನತೆ ಇದೆ, ಅದಕ್ಕೆ ಏನು ಅನುಕೂಲ ಬೇಕು. ಅಕ್ಕನಿಗೆ ಖುಷಿಯೋ ಖುಷಿ. ಇಷ್ಟು ವಿವರವಾಗಿ ಅವಳನ್ನು ಯಾರೂ ವಿಚಾರಿಸಿಕೊಂಡಿರಲಿಲ್ಲ. ‘ಕಿವಿ ಕೇಳುವುದಿಲ್ಲ. ನನ್ನ ಸರದಿ ಬಂದಾಗ ದಯವಿಟ್ಟು ಕೈ ಬೀಸಿ ಕರೆಯಿರಿ’ ಎಂದು ದುಂಡಗೆ ಬರೆದುಕೊಟ್ಟಳು. ಕೌಂಟರಿನವರು ಅದನ್ನು ಒಂದು ಕಡತದಲ್ಲಿಟ್ಟರು, ಕಡತವನ್ನು ಕಪಾಟಿನಲ್ಲಿಟ್ಟರು, ಆಮೇಲೆ ಮೈಕಿನಲ್ಲಿ ನಂಬರು ಕೂಗತೊಡಗಿದರು. ಕಪಾಟಿಗೆ ಮಾತ್ರ ಅಕ್ಕ ಕಿವುಡಿ ಎಂದು ಗೊತ್ತಿತ್ತು.

ಆ ಬೆಳಿಗ್ಗೆ ಅವಳಿಗೆ ಕೈ ಬೀಸಿದವನು ಒಬ್ಬನೇ, ನಿಮ್ಮ ವಿಭಾಗ ಕಳಿಸಿದ್ದ ಫೋಟೊದವನು. ಇಲ್ಲಿ ನೋಡಿ, ನಗಿ ಎಂದು ಸನ್ನೆ ಮಾಡಿದ. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಹಾಜರಾತಿಗೆ ಇರಬೇಕು ಅಂದುಕೊಂಡು ಅವಳು ಹಾಕಿದಳು. ಎರಡೂವರೆ ಗಂಟೆಯ ನಂತರ ಬೆಂಚು ಖಾಲಿಯಾಯಿತು, ಬಾಗಿಲು ಮುಚ್ಚಿತು. ಬೇರೆ ದಿನ ಬನ್ನಿ ಎಂದು ಚೀಟಿ ಬರೆದುಕೊಟ್ಟರು. ಮೂರು ವಾರದ ನಂತರ ಮತ್ತೆ ಹೋದಳು. ಸದಾ ಚೀಲದಲ್ಲಿಟ್ಟುಕೊಳ್ಳುವ ನೋಟುಪುಸ್ತಕದಲ್ಲಿ ಬರೆದು ಕೌಂಟರಿನವರಿಗೆ ತೋರಿಸಿದಳು. ಅವರು ತಲೆಯಾಡಿಸಿದರು, ಅರ್ಧ ಗಂಟೆಯಲ್ಲಿ ಪಾಳಿ ಬದಲಾಗಿ ಬೇರೊಬ್ಬರು ಬಂದು ಕೂತರು. ಮತ್ತೆ ಗೈರು. ಮೂರನೇ ಸಲ ಮೈಕಿನ ಎದುರೇ ನಿಂತಿದ್ದಳು. ದಾರಿಗೆ ಅಡ್ಡ ಎಂದು ಕಾವಲಿನವನು ಕೈ ಹಿಡಿದು ಬೆಂಚಿಗೆ ಕರೆದೊಯ್ದು ಕೂರಿಸಿದ, ಬಹಳ ಮರ್ಯಾದೆಯಿಂದ.

ಆಮೇಲೆ ನಿಮ್ಮ ಪತ್ರ ಬಂತು. ಮೂರು ಬಾರಿ ಗೈರಾಗಿ ಇತರ ರೋಗಿಗಳ ಅಮೂಲ್ಯ ಸಮಯ ಹಾಳು ಮಾಡಿದ್ದರಿಂದ ನೋಂದಣಿ ರದ್ದಾಗಿದೆ, ಮರುನೋಂದಣಿಗೆ ದೂರವಾಣಿ ಕರೆ ಮಾಡತಕ್ಕದ್ದು. ಆ ಪತ್ರ ನನ್ನ ಕೈಗೆ ಸಿಕ್ಕಿದಾಗಲೇ ಅಕ್ಕ ಕ್ಲಿನಿಕ್ಕಿಗೆ ಅಲೆಯುತ್ತಿದ್ದಾಳೆ ಎಂದು ನನಗೆ ಗೊತ್ತಾದದ್ದು. ಏನಾಗಿದೆ ಎಂದು ಕೇಳಿದೆ. “ಸುಸ್ತು, ಅಷ್ಟೇ” ಎಂದು ಕೈಯಾಡಿಸಿ ಅಡುಗೆಮನೆಗೆ ಹೋದಳು. ನಾನು ಕರೆ ಮಾಡಿದೆ.

“ರೋಗಿಯೇ ಮಾತಾಡ್ಬೇಕು ಮೇಡಂ. ಗೌಪ್ಯತೆ ನಿಯಮ ಇದೆ.”

“ಅವರಿಗೆ ಕಿವಿ ಕೇಳ್ಸಲ್ಲ. ನಾನು ಅವರ ತಂಗಿ.”

“ತಂಗಿ ಆದ್ರೂ ಅಷ್ಟೇ. ಬೇರೆಯವರಿಗೆ ನಾವು ಏನೂ ಹೇಳೋ ಹಾಗಿಲ್ಲ. ಅವರಿಗೇ ಫೋನ್ ಕೊಡಿ, ಹೌದು ಅಂದ್ರೆ ಸಾಕು.”

ನಾನು ಫೋನನ್ನು ಸ್ವಲ್ಪ ದೂರ ಹಿಡಿದು, ಹತ್ತಿರ ತಂದು, ಗಂಟಲು ದಪ್ಪ ಮಾಡಿಕೊಂಡು “ಹೌದು” ಅಂದೆ. ಆ ಕಡೆಯವರು ಸಂತೋಷದಿಂದ ನೋಂದಣಿ ಮಾಡಿಕೊಂಡರು. ಐವತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ಅಕ್ಕ ದೂರವಾಣಿಯಲ್ಲಿ ಮಾತನಾಡಿದ್ದಳು. ನಿಮ್ಮ ಗೌಪ್ಯತೆ ನಿಯಮಕ್ಕೆ ಒಂದು ಗೀರೂ ಬೀಳಲಿಲ್ಲ.

ನಾಲ್ಕನೇ ಸಲ ನಾನೂ ಜೊತೆಗೆ ಹೋದೆ. ಮೂರು ಸಲ ಬಂದು ಕೂತವಳನ್ನು ಗೈರು ಅಂದದ್ದು ಯಾಕೆ ಎಂದು ಕೌಂಟರಿನಾಕೆಯನ್ನು ಕೇಳಿದೆ. ಆಕೆ ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿದಳು. ತಾರೀಕು, ನಂಬರು ಇಪ್ಪತ್ಮೂರು, ಗೈರು. ಅಕ್ಕ ತನ್ನ ಪುಸ್ತಕ ತೆರೆದು, ಅಂಟಿಸಿಟ್ಟಿದ್ದ ಅದೇ ತಾರೀಕಿನ ಚೀಟಿ ತೋರಿಸಿದಳು. ಕೌಂಟರಿನಾಕೆಗೆ ಸಿಟ್ಟೇನೂ ಬರಲಿಲ್ಲ.

“ಎರಡೆರಡು ಸಲ ಕರೆದಿರ್ತೀವಿ ಮೇಡಂ. ಎಲ್ಲರಿಗೂ ಎರಡೇ ಸಲ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಅಂತ ಮಾಡಿದ್ರೆ ಜನ ಸುಮ್ನೆ ಇರ್ತಾರಾ? ಇಲ್ಲಿ ಎಲ್ಲರೂ ಸಮಾನ.”

ಆಕೆಯನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ನೀವು ಕಲಿಸಿದ ಪಾಠವನ್ನು ಆಕೆ ಅಕ್ಷರ ಬಿಡದೆ ಒಪ್ಪಿಸಿದ್ದಳು. ಎಲ್ಲರನ್ನೂ ಒಂದೇ ಮೈಕಿನಲ್ಲಿ, ಒಂದೇ ದನಿಯಲ್ಲಿ, ಎರಡೇ ಸಲ ಕರೆಯುವುದು. ಕೇಳಿಸದಿದ್ದರೆ ಅದು ಕರೆದವರ ತಪ್ಪಲ್ಲ. ಇದಕ್ಕಿಂತ ಸಮಾನವಾದದ್ದು ಲೋಕದಲ್ಲಿ ಇನ್ನೇನಿದೆ? ಕಣ್ಣು ಕಾಣದವನಿಗೂ ಇದೇ ನಮೂನೆ, ಓದು ಬಾರದ ಮುದುಕಿಗೂ ಇದೇ ನಾಲ್ಕು ಪುಟ, ಮೆಟ್ಟಿಲು ಹತ್ತಲಾರದವರಿಗೂ ಇದೇ ಮೆಟ್ಟಿಲು. ಯಾರಿಗೂ ಒಂದು ಮೆಟ್ಟಿಲು ಹೆಚ್ಚಿಲ್ಲ, ಕಡಿಮೆಯಿಲ್ಲ. ವರದಿಯ ಮೊದಲ ಪುಟದಲ್ಲೇ ಹೇಳಿಕೊಂಡಿರುವ ಸಮಾನತೆಯ ಪ್ರಶಸ್ತಿ ನಿಮಗೆ ಬಂದದ್ದರಲ್ಲಿ ಆಶ್ಚರ್ಯವೇನಿದೆ?

ಒಳಗಿದ್ದ ವೈದ್ಯರು ಚಿಕ್ಕ ವಯಸ್ಸಿನವರು, ಸಭ್ಯರು. ನಾವು ಕೂತ ಕೂಡಲೇ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡರು. “ಇವರಿಗೆ ಏನ್ ತೊಂದ್ರೆ?” ಎಂದು ನನ್ನನ್ನು ಕೇಳಿದರು. ಅಕ್ಕ ತನ್ನ ಪುಸ್ತಕವನ್ನು ಅವರ ಮುಂದೆ ಸರಿಸಿದಳು. ಒಂದು ಪುಟ ತುಂಬ ಬರೆದುಕೊಂಡು ಬಂದಿದ್ದಳು. ಅವರು ಮೊದಲ ಸಾಲು ನೋಡಿ, “ಅಕ್ಷರ ತುಂಬಾ ಚೆನ್ನಾಗಿದೆ. ಆದ್ರೆ ಹೊರಗೆ ಇನ್ನೂ ಮೂವತ್ತು ಜನ ಇದ್ದಾರೆ, ನೀವೇ ಓದಿ ಹೇಳ್ಬಿಡಿ” ಎಂದು ಪುಸ್ತಕ ನನ್ನ ಕೈಗಿಟ್ಟರು. ಅಕ್ಕ ಅದನ್ನು ಕಸಿದುಕೊಳ್ಳಲು ಕೈ ಚಾಚಿದಳು. ಅಷ್ಟರಲ್ಲಿ ನಾನು ಓದಲು ಶುರುಮಾಡಿದ್ದೆ.

ಮುಟ್ಟು ನಿಂತು ಆರು ವರ್ಷವಾಗಿದೆ. ನಾಲ್ಕು ತಿಂಗಳಿಂದ ಮತ್ತೆ ರಕ್ತ ಹೋಗುತ್ತಿದೆ. ಮೊದಲು ಹನಿ, ಈಗ ಬಟ್ಟೆ ಬೇಕಾಗುವಷ್ಟು. ನಮ್ಮ ತಾಯಿಗೆ ಹೀಗೇ ಆಗಿತ್ತು. ಈ ವಿಷಯ ನನ್ನ ತಂಗಿಗೆ ಗೊತ್ತಿಲ್ಲ, ದಯವಿಟ್ಟು ತಿಳಿಸಬೇಡಿ, ಅವಳು ಹೆದರುತ್ತಾಳೆ.

ಇದನ್ನು ನಾನು ಗಟ್ಟಿಯಾಗಿ ಓದಿದೆ. ಕೊನೆಯ ಸಾಲಿನವರೆಗೂ.

ವೈದ್ಯರು ಪರೀಕ್ಷೆ ಮಾಡಿದರು, ದೊಡ್ಡಾಸ್ಪತ್ರೆಗೆ ಒಂದು ಪತ್ರ ಬರೆದು, ಲಕೋಟೆಗೆ ಹಾಕಿ ಅಂಟಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ ಮುಂದೆ ಬಾಗಿ ದನಿ ತಗ್ಗಿಸಿದರು. ಅಕ್ಕನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ ಮೊದಲ ಮನುಷ್ಯ ಅವರೇ ಇರಬೇಕು.

“ಕ್ಯಾನ್ಸರ್ ಇರಬಹುದು ಅಂತ ಅನುಮಾನ. ಎರಡು ವಾರದೊಳಗೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ. ಅವರಿಗೆ ನೀವೇ ನಿಧಾನಕ್ಕೆ ಹೇಳ್ತೀರಲ್ಲ?”

ಹೇಳುತ್ತೇನೆ ಅಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಅಕ್ಕ ನನ್ನ ಭುಜ ಹಿಡಿದು ತಿರುಗಿಸಿ, “ಏನಂದ್ರು?” ಎಂದು ಕೈಯಲ್ಲಿ ಕೇಳಿದಳು. ಅವಳ ಮುಖ ನೋಡಿದೆ. ನಮ್ಮ ಕೈಭಾಷೆಯಲ್ಲಿ ಅಮ್ಮನ ಕಾಯಿಲೆಗೆ, ಅಮ್ಮ ಹೋದ ಮೇಲೆ ನಾವೇ ಮಾಡಿಕೊಂಡಿದ್ದ ಒಂದು ಸನ್ನೆ ಇತ್ತು. ಆ ಸನ್ನೆಗೆ ನನ್ನ ಕೈ ಮೇಲೇಳಲಿಲ್ಲ. “ಒಳಗೆ ಸ್ವಲ್ಪ ಊತ ಇದೆಯಂತೆ. ಬಿಡುವಾದಾಗ ದೊಡ್ಡಾಸ್ಪತ್ರೇಲಿ ಒಂದು ಪರೀಕ್ಷೆ ಮಾಡ್ಸಬೇಕಂತೆ. ಗಾಬರಿ ಏನಿಲ್ಲ” ಎಂದು ಹೇಳಿದೆ. ಅವಳು ನಂಬಿದಳು. ನಂಬದಿರಲು ಅವಳಿಗೆ ಬೇರೆ ದಾರಿ ಎಲ್ಲಿತ್ತು? ಶಾಲೆ ಶುರುವಾಗುವ ಕಾಲ, ಪಠ್ಯಪುಸ್ತಕಗಳ ಕೆಲಸ ಗುಡ್ಡೆ ಬಿದ್ದಿತ್ತು. ಅದು ಮುಗಿದ ಮೇಲೆ ಹೋಗೋಣ ಅಂದಳು. ಸರಿ ಅಂದೆ. ಲಕೋಟೆಯನ್ನು ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಗುಂಡಿಗಳ ಡಬ್ಬಿಯ ಕೆಳಗೆ ಇಟ್ಟೆ. ನಾಳೆ ಹೇಳುತ್ತೇನೆ, ಈ ಲಂಗಗಳ ಹೊಲಿಗೆ ಮುಗಿಯಲಿ, ಅವಳು ಇವತ್ತು ಗೆಲುವಾಗಿದ್ದಾಳೆ, ನಾಳೆ ಹೇಳುತ್ತೇನೆ. ಹೀಗೆ ಹತ್ತು ವಾರ.

ಅಮ್ಮನ ಕಾಲದಲ್ಲೂ ನಮ್ಮ ಮನೆಯಲ್ಲಿ ಹೀಗೇ ಆಗಿತ್ತು. ಎಲ್ಲರಿಗೂ ಗೊತ್ತಿತ್ತು, ಅಕ್ಕನಿಗೆ ಒಬ್ಬಳಿಗೆ ಯಾರೂ ಹೇಳಲಿಲ್ಲ. ಅವಳಿಗೆ ಆಗ ಇಪ್ಪತ್ನಾಲ್ಕು ವರ್ಷ. ಅಮ್ಮ ಹೋದ ದಿನವೇ ಅದು ಏನು ಕಾಯಿಲೆ ಎಂದು ಅವಳಿಗೆ ತಿಳಿದದ್ದು. “ನನಗೆ ಕಿವಿ ಇಲ್ಲ ಅಂದ್ರೆ ಅಮ್ಮನೂ ಇರ್ಲಿಲ್ವಾ?” ಎಂದು ಅವತ್ತು ಎಲ್ಲರ ಮುಂದೆ ಕೈ ಬೀಸಿ ಕೇಳಿದ್ದಳು. ಅಲ್ಲಿದ್ದವರಲ್ಲಿ ಆ ಪ್ರಶ್ನೆ ಅರ್ಥವಾದದ್ದು ನನಗೊಬ್ಬಳಿಗೆ. ಅದನ್ನು ನಾನು ಯಾರಿಗೂ ಅನುವಾದಿಸಿ ಹೇಳಲಿಲ್ಲ. ದುಭಾಷಿಯಾಗಿ ನನ್ನ ವೃತ್ತಿಜೀವನ ಅಲ್ಲಿಂದಲೇ ಶುರುವಾಯಿತು ಅನ್ನಿ.

ಹತ್ತನೇ ವಾರ ಅಕ್ಕ ಕೆಲಸದ ಮೇಜಿನ ಬಳಿಯೇ ಕುಸಿದಳು. ಮುದ್ರಣಾಲಯದ ಯಜಮಾನರು ತಮ್ಮ ವಾಹನದಲ್ಲೇ ದೊಡ್ಡಾಸ್ಪತ್ರೆಗೆ ಕರೆದೊಯ್ದು ನನಗೆ ಸುದ್ದಿ ಕಳಿಸಿದರು. ಲಕೋಟೆ ತೆಗೆದುಕೊಂಡು ಓಡಿದೆ. ಅಲ್ಲಿ ಒಬ್ಬ ವಯಸ್ಸಾದ ವೈದ್ಯೆ. ಅವರು ನನ್ನನ್ನು ನೋಡಿ, “ನೀವು ಸ್ವಲ್ಪ ಹಿಂದೆ ಕೂತ್ಕೊಳ್ಳಿ” ಅಂದರು. ಕಂಪ್ಯೂಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಪರದೆಯನ್ನು ಅಕ್ಕನತ್ತ ತಿರುಗಿಸಿದರು. ಅಕ್ಕ ಓದಿ, ಅದೇ ಕೀಲಿಮಣೆಯಲ್ಲಿ ಉತ್ತರ ಟೈಪ್ ಮಾಡಿದಳು. ಹೀಗೇ ಇಪ್ಪತ್ತು ನಿಮಿಷ. ಇದಕ್ಕೆ ಯಾವ ಹೊಸ ಯಂತ್ರವೂ ಬೇಕಾಗಲಿಲ್ಲ, ಯಾವ ಸಮಿತಿಯೂ ಕೂರಲಿಲ್ಲ. ಒಂದು ಪರದೆ ಎಡಗಡೆಗೆ ತಿರುಗಿತು, ಅಷ್ಟೇ.

ನಡುವೆ ವೈದ್ಯೆ ಲಕೋಟೆ ಒಡೆದು, ಪತ್ರ ಓದಿ, ಅದನ್ನೂ ಅಕ್ಕನ ಮುಂದಿಟ್ಟರು. ಅವಳ ಪತ್ರ, ಅವಳು ಓದಬೇಕಾದದ್ದು ಎಂದು ಅವರಿಗೆ ಅನಿಸಿರಬೇಕು. ಅಕ್ಕ ಮೊದಲು ಮೇಲ್ಗಡೆಯ ತಾರೀಕು ನೋಡಿದಳು. ಆಮೇಲೆ ಒಳಗಿನ ಮೂರು ಸಾಲು. ಮತ್ತೆ ತಾರೀಕು. ನನ್ನ ಕಡೆ ತಿರುಗಿ ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಒಂದೊಂದೇ ಸನ್ನೆ ಮಾಡಿ ಹೇಳಿದಳು: “ಗರ್ಭಕೋಶ ನಂದು. ಗೊತ್ತಿದ್ದಿದ್ದು ನಿಂಗೆ.”

ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆ ಪಕ್ಕಕ್ಕೂ ಹರಡಿದ್ದರಿಂದ ಐದು ವಾರ ರೇಡಿಯೇಷನ್ ಕೊಟ್ಟರು. ಮೊದಲೇ ಬಂದಿದ್ದರೆ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯುತ್ತಿತ್ತೇ ಎಂದು ವೈದ್ಯೆಯನ್ನು ಕೇಳಿದೆ. “ಇರಬಹುದು. ಖಚಿತವಾಗಿ ಹೇಳೋಕಾಗಲ್ಲ” ಅಂದರು. ನೀವು ಇದನ್ನು ಓದಿ ನಿಟ್ಟುಸಿರು ಬಿಡಬೇಡಿ, ನಾನು ಬಿಟ್ಟಿಲ್ಲ. ಅಕ್ಕ ಬದುಕಿದ್ದಾಳೆ. ಈಗ ದಿನಕ್ಕೆ ಅರ್ಧ ಹೊತ್ತು ಕೆಲಸಕ್ಕೂ ಹೋಗುತ್ತಿದ್ದಾಳೆ. ಆಸ್ಪತ್ರೆಯಿಂದ ಬಂದ ಮೇಲೆ ಇಪ್ಪತ್ತೆರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಕಿವುಡರು ಮಾತು ಬಿಡುವುದು ಹೇಗೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಕಣ್ಣೆತ್ತಿ ನೋಡುವುದಿಲ್ಲ, ಅಷ್ಟೇ. ನಾನು ಎದುರು ನಿಂತು ಎಷ್ಟು ಕೈ ಆಡಿಸಿದರೂ ಅವಳು ತಟ್ಟೆಯನ್ನೇ ನೋಡುತ್ತಿದ್ದಳು. ನನ್ನ ಕ್ಷಮೆ ಗಾಳಿಯಲ್ಲೇ ಉಳಿಯುತ್ತಿತ್ತು. ಇಪ್ಪತ್ಮೂರನೇ ದಿನ ತಲೆಯೆತ್ತಿ, ಉಪ್ಪು ಜಾಸ್ತಿಯಾಗಿದೆ ಅಂದಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅವಳು ಕೆಲಸಕ್ಕೆ ಮರಳಿದ ಮೂರನೇ ದಿನ, ನಿಮ್ಮ ವರದಿಯ ಐನೂರು ಪ್ರತಿಗಳ ಬೈಂಡಿಂಗ್ ಅವಳ ಮೇಜಿಗೆ ಬಂತು. ಹಾಳೆ ಮಡಿಸುತ್ತಿದ್ದಾಗ ಹದಿನೇಳನೇ ಪುಟದಲ್ಲಿ ತನ್ನ ಮುಖ ಕಂಡಳು. ಯಜಮಾನರಿಗೆ ಹಿಗ್ಗು, “ನಮ್ಮ ಟೀಚರಮ್ಮನ ಫೋಟೊ” ಎಂದು ಎಲ್ಲರಿಗೂ ತೋರಿಸಿದರಂತೆ. ಅಕ್ಕ ಐನೂರು ಪ್ರತಿಗಳನ್ನೂ ಸರಿಯಾಗಿ ಮಡಿಸಿ, ಅಂಟು ಹಚ್ಚಿ, ಕತ್ತರಿಸಿ, ಕಟ್ಟು ಕಟ್ಟಿಟ್ಟು ಬಂದಳು. ಒಂದು ಕೆಟ್ಟ ಪ್ರತಿಯನ್ನು ಮನೆಗೆ ತಂದು ನನ್ನ ಹೊಲಿಗೆ ಯಂತ್ರದ ಮೇಲೆ ಹಾಕಿದಳು. “ಹೊಲಿಗೆ ಬೇಡ, ಬರೀ ಅಂಟು ಸಾಕು ಅಂದಿದ್ದಾರೆ. ಆರು ತಿಂಗಳಲ್ಲಿ ಪುಟ ಉದುರುತ್ತೆ” ಅಂದಳು. ನಿಮ್ಮ ವರದಿಯ ಬಗ್ಗೆ ಅವಳು ಕೊಟ್ಟ ವಿಮರ್ಶೆ ಇಷ್ಟೇ.

ಈಗ ನೀವು ಹೇಳಬಹುದಾದ ಮಾತು ನನಗೆ ಗೊತ್ತು. ಸುಳ್ಳು ಹೇಳಿದ್ದು ತಂಗಿ, ಲಕೋಟೆ ಬಚ್ಚಿಟ್ಟದ್ದು ತಂಗಿ, ಇದರಲ್ಲಿ ವಿಭಾಗದ ಪಾತ್ರವೇನು? ಒಪ್ಪಿದೆ. ಆ ಹತ್ತು ವಾರ ನನ್ನವು, ಅವುಗಳಲ್ಲಿ ಒಂದು ದಿನವನ್ನೂ ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದವರು ಯಾರು? ಸಮವಸ್ತ್ರ ಹೊಲಿಯುವ ಒಬ್ಬ ಹೆಂಗಸಿಗೆ, ತಾಯಿಯನ್ನು ಅದೇ ಕಾಯಿಲೆಯಿಂದ ಕಳೆದುಕೊಂಡವಳಿಗೆ, ಎರಡೇ ನಿಮಿಷದಲ್ಲಿ ಕ್ಯಾನ್ಸರ್ ರೋಗಿಯ ದುಭಾಷಿಯ ಕೆಲಸ ವಹಿಸಿದ್ದು ಯಾವ ನಿಯಮದ ಪ್ರಕಾರ? ಔಷಧಿ ಅಂಗಡಿಯವನು ಮಾತ್ರೆಯನ್ನು ನಮಗೆ ತೋಚಿದಷ್ಟು ಕೊಡುತ್ತಾನೆಯೇ? ಹಾಗಿರುವಾಗ ಸತ್ಯವನ್ನು ಮಾತ್ರ ಮನೆಯವರ ಕೈಗೆ ಕೊಟ್ಟು, ನಿಮಗೆ ತೋಚಿದಷ್ಟು ಕುಡಿಸಿ ಎನ್ನುವುದು ಯಾವ ವೈದ್ಯಪದ್ಧತಿ? ಫೋನಿನಲ್ಲಿ ನಾನು ತಂಗಿ ಎಂದಾಗ ನನ್ನಿಂದ ಅಕ್ಕನ ಗುಟ್ಟನ್ನು ಕಾಪಾಡಿದಿರಿ. ಕೋಣೆಯೊಳಗೆ ಅದೇ ಗುಟ್ಟನ್ನು ನನ್ನ ಬಾಯಿಂದಲೇ ಓದಿಸಿದಿರಿ. ಅವಳು ‘ತಂಗಿಗೆ ತಿಳಿಸಬೇಡಿ’ ಎಂದು ಬರೆದ ಸಾಲನ್ನು ತಂಗಿಯೇ ಓದಿದ್ದು ನಿಮ್ಮ ‘ಎಲ್ಲರಿಗೂ ಒಂದೇ ಆರೈಕೆ’ಯ ಯಾವ ಅಧ್ಯಾಯದಲ್ಲಿ ಬರುತ್ತದೆ? ಹುಡುಕಿದೆ, ಸಿಗಲಿಲ್ಲ. ಬಹುಶಃ ಆ ಪುಟ ಆಗಲೇ ಉದುರಿಹೋಗಿದೆ.

ಈ ಪತ್ರವನ್ನು ಕಳಿಸುವ ಮುನ್ನ ಅಕ್ಕನಿಗೆ ಓದಲು ಕೊಟ್ಟೆ. ಇನ್ನು ಮುಂದೆ ಅವಳ ವಿಷಯದ ಯಾವ ಕಾಗದವೂ ಅವಳ ಕಣ್ಣು ತಪ್ಪಿಸಿ ಈ ಮನೆಯಿಂದ ಹೊರಗೆ ಹೋಗುವುದಿಲ್ಲ. ಮೂರು ಕಡೆ ಕಾಗುಣಿತ ತಿದ್ದಿದಳು. ‘ಪಾಪ, ನನ್ನ ಅಕ್ಕ’ ಎಂದು ಬರೆದಿದ್ದಲ್ಲಿ ‘ಪಾಪ’ವನ್ನು ಹೊಡೆದುಹಾಕಿದಳು. ಬೇಡಿಕೆಗಳನ್ನು ತಾನೇ ಬರೆಯುತ್ತೇನೆ ಎಂದಳು. ಅವಳ ಮಾತುಗಳಲ್ಲೇ ಇಲ್ಲಿಡುತ್ತೇನೆ.

‘ನಂಬರನ್ನು ಕೂಗುವುದರ ಜೊತೆಗೆ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ. ರದ್ದುಪತ್ರ ಕಳಿಸಲು ಬರುವವರಿಗೆ ಮೊಬೈಲಿಗೆ ಸಂದೇಶ ಕಳಿಸಲೂ ಬರುತ್ತದೆ, ಕಳಿಸಿ. ನಮೂನೆಯಲ್ಲಿ ನಾನು ಬರೆದದ್ದನ್ನು ಯಾರಾದರೂ ಓದಿ, ಓದುವುದಿಲ್ಲವಾದರೆ ಕೇಳಬೇಡಿ. ಸನ್ನೆ ಭಾಷೆ ಕಲಿತ ದುಭಾಷಿಯನ್ನು ಕರೆಸಿ, ನನ್ನ ಮನೆಯವರಲ್ಲದವರನ್ನು. ಅವರು ಬರುವವರೆಗೆ ವೈದ್ಯರು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಳ್ಳಲಿ, ಬರೆದು ತೋರಿಸಲಿ. ಕೆಟ್ಟ ಸುದ್ದಿ ಇದ್ದರೆ ಮೊದಲು ನನಗೆ ಹೇಳಿ. ನಾನು ಹೆದರುತ್ತೇನೋ ಇಲ್ಲವೋ ಅದು ನನ್ನ ಕೆಲಸ.’

ನನ್ನದು ಒಂದೇ ಬೇಡಿಕೆ. ಈ ಪತ್ರಕ್ಕೆ ಉತ್ತರ ಬರೆಯುವ ಮನಸ್ಸು ನಿಮಗಾದರೆ ನನಗೆ ಬರೆಯಬೇಡಿ, ಫೋನಂತೂ ಮಾಡಲೇಬೇಡಿ. ಲಕೋಟೆಯ ಮೇಲೆ ಅಕ್ಕನ ಹೆಸರು ಬರೆದು ಕಳಿಸಿ. ಅವಳೇ ಒಡೆಯುತ್ತಾಳೆ, ಅವಳೇ ಓದುತ್ತಾಳೆ. ಅದರಲ್ಲಿ ಏನಿದೆ ಎಂದು ನನಗೆ ಹೇಳಬೇಕೋ ಬೇಡವೋ ಎಂಬುದನ್ನೂ ಅವಳೇ ತೀರ್ಮಾನಿಸುತ್ತಾಳೆ.

ಇಂತಿ,
ತರಬೇತಿಯಿಲ್ಲದ, ನೇಮಕಾತಿಯಿಲ್ಲದ, ನಂಬಿಕೆಗೂ ಅರ್ಹಳಲ್ಲದ
ನಿಮ್ಮ ಕ್ಲಿನಿಕ್ಕಿನ ಏಕೈಕ ದುಭಾಷಿ
(ಇಂದಿನಿಂದ ರಾಜೀನಾಮೆ ಕೊಟ್ಟಿದ್ದೇನೆ)